ಕೌಂಟರ್ ನಂಬರ್ ನಾಲ್ಕು

ಸೇಡಂ ರಸ್ತೆಯ ಸಿಟಿ ಬಸ್ಸು ನನ್ನನ್ನು ಗೇಟಿನ ಮುಂದೆ ಉಗುಳಿ ಹೋದಾಗ
ಹನ್ನೆರಡಕ್ಕೆ ಹತ್ತು ನಿಮಿಷ.
ಬೇವಿನ ಗಿಡಗಳು ಕೂಡ ತಮ್ಮ ನೆರಳನ್ನು ಮಡಚಿ
ಕಾಲಡಿ ಇಟ್ಟುಕೊಂಡಿದ್ದವು.
ಕೈಯಲ್ಲಿ ಅರ್ಜಿ, ವಿಷಯ:
ಪದವಿ ಪತ್ರದಲ್ಲಿ ಹೆಸರು ತಿದ್ದುವ ಬಗ್ಗೆ.

ಬಂಡೆಮ್ಮ ತಂದೆ ಭೀಮಶಾ,
ಶಹಾಬಾದ, ಪರ್ಸಿ ಖಣಿಯ ಹಿಂದಿನ ಓಣಿ.

ಹಾಜರಿ ಕೂಗುವಾಗ ದಿನಾ
ಆ ಹೆಸರಿನ ಹತ್ತಿರ ಸರ್ ಅರೆಕ್ಷಣ ನಿಲ್ಲುತ್ತಿದ್ದರು,
ಚಪ್ಪಲಿಯಲ್ಲಿ ಹರಳು ಸಿಕ್ಕವರ ಹಾಗೆ.
ಹಿಂದಿನ ಬೆಂಚಿನಲ್ಲಿ ಯಾರೋ
ಕಲ್ಲು ಉರುಳಿಸಿದಂತೆ ಬಾಯಲ್ಲೇ ಸದ್ದು ಮಾಡುವರು.
ಹಾಸ್ಟೆಲಿನಲ್ಲಿ ನಾನು ಬಿಂದು. ನೋಟ್‌ಬುಕ್ಕಿನ ಮೇಲೆ ಬಿ. ಬಿ.
ಎರಡು ವರ್ಷ ನನ್ನ ಹೆಸರಿನ ಪಕ್ಕದ ಮನೆಯಲ್ಲೇ
ಬಾಡಿಗೆಗೆ ಇದ್ದೆ.

ಉಳಿದದ್ದೆಲ್ಲ ಸುಖವೇ ಅನ್ನಿ.
ಟ್ಯಾಂಕರಿನ ಗದ್ದಲಕ್ಕೆ ಬೆಳಗಾಗುತ್ತಿತ್ತು,
ಬಕೆಟ್ಟಿಗೊಂದು ತಾಲೂಕು, ತಾಲೂಕಿಗೊಂದು ಬೈಗುಳ.
ಸುರಪುರದ ಮಾನಮ್ಮ ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ
ಪರೀಕ್ಷೆ ಮುಗಿಯುವ ತನಕ ನಮ್ಮನ್ನು ಕಾಯ್ದವು.
ಏಪ್ರಿಲ್ ಬಂತೆಂದರೆ ಗ್ರಂಥಾಲಯದ ಮೂಲೆಯಲ್ಲಿ
ನೆಲಕ್ಕೆ ಬೆನ್ನು ಹಚ್ಚಿ, ಪುಸ್ತಕವನ್ನು ಛತ್ತಿನ ಕಡೆ ಹಿಡಿದು ಓದುತ್ತಿದ್ದೆವು.
ಆ ಪರ್ಸಿ ಅಪ್ಪನ ಖಣಿಯದು.
ತಂಪು ನಮ್ಮಪ್ಪನದು ಅಂತ
ನಾನು ಯಾರಿಗೂ ಹೇಳಲಿಲ್ಲ.

ಜಾಲರಿ ಹಿಂದೆ ಖದೀರಸಾಹೇಬರು.
ಪದವಿ ಪತ್ರಗಳ ಮೇಲೆ ಹೆಸರು ಬರೆಯುವ ಕೈ.
ಅವರ ಅಬ್ಬಾ ನಿಜಾಮರ ಕಾಲದ ಕಚೇರಿಯಲ್ಲಿ
ಬಲದಿಂದ ಎಡಕ್ಕೆ ಬರೆದವರು,
ಮಗ ಎಡದಿಂದ ಬಲಕ್ಕೆ.
ಮಕಾರಕ್ಕೆ ಒತ್ತು ಕೊಡುವಾಗ ಮಾತ್ರ ಅವರ ಗೆರೆ
ಕೋಟೆಯೊಳಗಿನ ಮಸೀದಿಯ ಕಮಾನಿನಂತೆ
ತುಸು ಬಾಗುತ್ತಿತ್ತು.

ಅರ್ಜಿ ಓದಿದರು. ಕನ್ನಡಕ ತೆಗೆದು ಅಂಗಿಗೆ ಒರೆಸಿದರು.
"ವಂದನಾ ಅಂತ ಬರೀಲೇನು?"
"ಹೂಂ ರೀ."
"ಬರೀಬಹುದು. ಅಫಿಡವಿಟ್ ಆಗಬೇಕು, ಪೇಪರನ್ಯಾಗ ಹಾಕಸಬೇಕು,
ಎಲ್ಲಾ ಕೂಡಿ ಮುನ್ನೂರು ರೂಪಾಯಿ."

ಆಮೇಲೆ ಪಕ್ಕದ ಟೇಬಲ್ಲಿಗೆ ಕೇಳಿಸದಂತೆ:
"ಇದು ಆಗೋಕಿಂತ ಮೊದಲು ನಮ್ಮ ಕಡಿ ಮಂದಿ
ಧಾರವಾಡಕ್ಕ ಹೋಗ್ತಿದ್ರು, ಇಲ್ಲಂದ್ರ ಹೈದರಾಬಾದಕ್ಕ.
ಯಾರು ಹೋಗ್ತಿದ್ರು? ಇದ್ದೋರು.
ಇಪ್ಪತ್ತೆರಡು ವರ್ಷಾತು ಬರೀಲಿಕ್ಕತ್ತು,
ಬಂಡೆಮ್ಮ ಅನ್ನೋ ಹೆಸರು ಈ ಕಾಗದಕ್ಕ ಬಂದಿದ್ದು ಇದೇ ಮೊದಲು.
ಇನ್ನು ನಿಮ್ಮ ಮರ್ಜಿ.
ಊಟದ ಹೊತ್ತಾತು, ಎರಡಕ್ಕ ಬರ್ರಿ."
ಬಾಗಿಲು ಹಾಕಿಕೊಂಡರು.

ಕ್ಯಾಂಟೀನಿನಲ್ಲಿ ಸುಸಲಾ, ಮಿರ್ಚಿ.
ಎಣ್ಣೆ ಅರ್ಜಿಯ ಮೇಲೆ ಇಳಿದು
ವಂದನಾ ಎಂಬಲ್ಲಿ ಒಂದು ಸಣ್ಣ ಕಿಟಕಿ ತೆರೆಯಿತು,
ಅದರಾಚೆ ಮೇಜಿನ ಕಲ್ಲು ಕಂಡಿತು.
ಎರಡು ಗಂಟೆಗೆ ನಾನು ಹೋಗಲಿಲ್ಲ.
ಧೈರ್ಯ ಬಂತು ಅಂದುಕೊಳ್ಳಬೇಡಿ.
ಮುನ್ನೂರು ರೂಪಾಯಿ ಇರಲಿಲ್ಲ.

ಆಮೇಲೆ ಊರಿನ ಹೆಸರೇ ಬದಲಾಯಿತು.
ಬಸ್ಸಿನ ಬೋರ್ಡು, ಸ್ಟೇಷನ್ನಿನ ಹಳದಿ ಹಲಗೆ,
ಅಂಗಡಿಯ ರಸೀದಿ, ಎಲ್ಲ ಕಲಬುರಗಿ.
ವಿಶ್ವವಿದ್ಯಾಲಯ ಮಾತ್ರ ಗೇಟಿನ ಮೇಲೆ ಇನ್ನೂ ಗುಲಬರ್ಗಾ.
ಅದಕ್ಕೂ ಮುನ್ನೂರು ರೂಪಾಯಿ
ಹೊಂದಲಿಲ್ಲವೇನೋ.

ಖದೀರಸಾಹೇಬರು ಈಗಿಲ್ಲ. ಹೆಸರನ್ನು ಯಂತ್ರ ಅಚ್ಚು ಹಾಕುತ್ತದೆ,
ಎಲ್ಲರ ಮಕಾರವೂ ನೆಟ್ಟಗೆ.
ಚಿತ್ತಾಪುರದ ಕಾಲೇಜಿನಲ್ಲಿ ಹಾಜರಿ ಕೂಗುವುದು ನನ್ನ ಕೆಲಸ.
ಯಾವ ಹೆಸರಿನ ಹತ್ತಿರವೂ ನಿಲ್ಲಬಾರದು ಎಂದು
ಮೊದಲ ದಿನ ಆಣೆ ಹಾಕಿಕೊಂಡಿದ್ದೆ.
ನಿಲ್ಲುತ್ತೇನೆ.
ದ್ಯಾವಮ್ಮ ತಂದೆ ಸಾಬಣ್ಣ ಎಂದು ಕೂಗಿ,
ಕಿಟಕಿ ಬದಿಯ ಆ ಹುಡುಗಿ
ತಲೆ ಎತ್ತುವ ತನಕ.